ಜೂನ್ ಒಂದರ ಪೈಲ್ವಾನರು

ಆಗ ಹಿರೇಕೆರೂರಿನ ನಮ್ಮ ಓಣಿಯಲ್ಲಿ ಬೆರಳಿನಿಂದ ಉಜ್ಜುವ ಫೋನು ಎಷ್ಟಿದ್ದವು ಎಂದು ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಬಲ್ಲೆ: ನಾಲ್ಕು. ಅವುಗಳಲ್ಲಿ ಮಕ್ಕಳ ಕೈಗೆ ಸಿಗುತ್ತಿದ್ದದ್ದು ಒಂದೇ, ನಮ್ಮ ದೊಡ್ಡಪ್ಪನದು. ಅದೂ ಸಂಜೆ ಐದರಿಂದ ಆರರವರೆಗೆ. ದೊಡ್ಡಪ್ಪ ಗೋವಿನಜೋಳದ ಗೋದಾಮಿನಿಂದ ಬಂದು, ಕಿವಿಯೊಳಗಿನ ಧೂಳಿನ ಸಮೇತ ಮೈ ತೊಳೆದುಕೊಂಡು, ಚಹಾ ಕುಡಿದು, ಕಟ್ಟೆಯ ಮೇಲೆ ಕುಳಿತು ಒಂದು ಸಣ್ಣ ನಿದ್ದೆ ತೆಗೆಯುವಷ್ಟು ಹೊತ್ತು ಫೋನು ನಮ್ಮದು.

ನನಗೆ ಹನ್ನೆರಡು ವರ್ಷ. ಆರನೆಯ ಇಯತ್ತೆ ಮುಗಿದು ಬೇಸಿಗೆ ರಜೆ ಬಿದ್ದಿತ್ತು. ಬರೆದಿಡುವುದು ನನಗೆ ಆಗಲೇ ಹತ್ತಿದ್ದ ಚಟ. ಅವ್ವ ದಿನಕ್ಕೆ ಎಷ್ಟು ರೊಟ್ಟಿ ಬಡಿದಳು, ಕರೆಂಟು ಎಷ್ಟು ಸಲ ಹೋಯಿತು, ಹಾವೇರಿ ಬಸ್ಸು ಎಷ್ಟು ನಿಮಿಷ ತಡವಾಯಿತು, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇರುತ್ತಿದ್ದವು. ಲಗೋರಿ ಆಡುವಾಗಲೂ ನನ್ನನ್ನು ಯಾವ ಪಾರ್ಟಿಗೂ ಸೇರಿಸಿಕೊಳ್ಳುತ್ತಿರಲಿಲ್ಲ. ಲೆಕ್ಕ ಹಿಡಿಯಲು ಕೂರಿಸುತ್ತಿದ್ದರು. ಚೆಂಡು ಹೊಡೆದವರಿಗಿಂತ ನನ್ನ ಮಾತು ಖರೆ ಎಂದು ಎಲ್ಲರಿಗೂ ನಂಬಿಕೆ ಇತ್ತು. ಆ ನಂಬಿಕೆಯಿಂದಲೇ ಮುಂದಿನ ಅನಾಹುತ ಆಯಿತು.

ಏಪ್ರಿಲ್ ಹನ್ನೊಂದನೆಯ ತಾರೀಖು ದೊಡ್ಡಪ್ಪನ ಮಗ ಮಂಜ ಆ ಫೋನಿನಲ್ಲಿ ಒಂದು ಕುಸ್ತಿ ಆಟ ಹಾಕಿಸಿಕೊಂಡು ಬಂದ. ಮಂಜ ನನಗಿಂತ ಮೂರು ವರ್ಷ ದೊಡ್ಡವನು, ಮೀಸೆ ಬರುತ್ತಿದೆ ಎಂದು ತಾನೇ ಹೇಳಿಕೊಂಡು ತಿರುಗುತ್ತಿದ್ದ. ಆಟದಲ್ಲಿ ನಾವು ಕುಸ್ತಿ ಆಡುವಂತಿರಲಿಲ್ಲ, ಆಡಿಸಬೇಕಾಗಿತ್ತು. ನಾವೇ ಮಾಲೀಕರು. ಮೂವತ್ತು ಪೈಲ್ವಾನರಿಗೆ ಜಾಗ. ವಾರಕ್ಕೊಮ್ಮೆ ಐದು ಕುಸ್ತಿಗಳ ಕಾರ್ಯಕ್ರಮ. ಯಾರು ಯಾರ ಜೊತೆ ಆಡಬೇಕು, ಯಾರು ಗೆಲ್ಲಬೇಕು ಎಂದು ಮೊದಲೇ ನಾವು ಗೊತ್ತು ಮಾಡಬೇಕು. ಆಮೇಲೆ ಗೊಂಬೆಗಳು ಕಣಕ್ಕಿಳಿದು ಬಡಿದಾಡುತ್ತವೆ, ನಾವು ನೋಡಬೇಕು. ನೋಡುವ ಜನ ಹೆಚ್ಚಾದರೆ ತಾಲೀಮು ಬೆಳೆಯುತ್ತದೆ, ಕಡಿಮೆಯಾದರೆ ಮುಚ್ಚುತ್ತದೆ. ತಾಲೀಮು ಎಂಬ ಹೆಸರು ನಾವಿಟ್ಟದ್ದು. ನಮ್ಮ ಅಜ್ಜ ಫಕ್ಕೀರಪ್ಪ ಪೈಲ್ವಾನ ರಟ್ಟೀಹಳ್ಳಿಯ ತಾಲೀಮಿನಲ್ಲಿ ಬೆಳೆದವನಾದ್ದರಿಂದ, ನಾಲ್ಕು ಜನ ಕುಸ್ತಿ ಆಡುವ ಜಾಗಕ್ಕೆ ನಮ್ಮ ಮನೆಯಲ್ಲಿ ಬೇರೆ ಹೆಸರೇ ಇರಲಿಲ್ಲ.

ಒಬ್ಬೊಬ್ಬ ಪೈಲ್ವಾನನಿಗೂ ನೂರಕ್ಕೆ ಇಂತಿಷ್ಟು ಎಂದು ಅಂಕಗಳಿದ್ದವು. ಇಂಗ್ಲಿಷಿನಲ್ಲಿದ್ದುದನ್ನು ನಾನು ಇದಕ್ಕೆಂದೇ ಇಟ್ಟ ಹೊಸ ರಿಜಿಸ್ಟರಿಗೆ ಇಳಿಸುವಾಗ ತಾಕತ್ತು, ದಮ್ಮು, ಡಾವು ಅಂದರೆ ಕುಸ್ತಿಯ ಪಟ್ಟು, ಹವಾ, ಸೊಕ್ಕು ಎಂದು ಗೆರೆ ಹೊಡೆದು ಐದು ಮನೆ ಮಾಡಿದೆ. ಇವುಗಳಲ್ಲಿ ಹವಾ ಮುಖ್ಯ. ಯಾರ ಹವಾ ಜಾಸ್ತಿಯೋ ಅವರನ್ನು ನೋಡಲು ಜನ ಬರುತ್ತಾರೆ.

ಆಟದೊಳಗಿದ್ದ ಪರದೇಶಿ ಪೈಲ್ವಾನರ ಹೆಸರು ನಮ್ಮ ಬಾಯಿಗೆ ಬರುತ್ತಿರಲಿಲ್ಲ. ಅವರನ್ನು ಒರೆಸಿ ನಮ್ಮವರನ್ನೇ ಹಾಕಬಹುದು ಎಂದು ಮಂಜ ಕಂಡುಹಿಡಿದ. ಮೊದಲು ಅಜ್ಜ. ಆಮೇಲೆ ಗಿರಣಿಯ ಇಮಾಮಸಾಬ ಕಾಕಾ. ಮಿರ್ಚಿ ಭಜಿಯ ಗೌರವ್ವ. ರಿಟೈರಾದ ಕಂಡಕ್ಟರ್ ಹೊಳಿಬಸಪ್ಪ. ಹೀಗೆ ಓಣಿಯ ಈ ತುದಿಯಿಂದ ಆ ತುದಿಗೆ ಮೂವತ್ತು ಹಿರಿಯರು. ನಾನು ಮಾಡುವ ಕೆಲಸ ಅರ್ಧಂಬರ್ಧ ಇರಬಾರದು. ಮನೆಮನೆಗೆ ಹೋಗಿ ಎತ್ತರ, ತೂಕ, ಹುಟ್ಟಿದ ತಾರೀಖು ಕೇಳಿದೆ. ತಾರೀಖು ಗೊತ್ತಿಲ್ಲದವರ ಆಧಾರ್ ಕಾರ್ಡು ತೆಗೆಸಿ ನೋಡಿದೆ. ನಲವತ್ತು ದಾಟಿ ದಮ್ಮು ಇಳಿದ ಪೈಲ್ವಾನರು ಹುಟ್ಟಿದ ದಿನ ಬಂದಾಗ ನಿವೃತ್ತಿ ಹೇಳಬಹುದು ಎಂದು ಆಟದ ನಿಯಮವಿತ್ತು. ಹಾಗೆಂದು ಎಲ್ಲರ ವಯಸ್ಸಿನಲ್ಲೂ ಸಮನಾಗಿ ಇಪ್ಪತ್ತು ವರ್ಷ ಕಳೆದೆ. ಅರವತ್ತೆಂಟರ ಅಜ್ಜ ನಲವತ್ತೆಂಟಾದ. ದಿನ, ತಿಂಗಳು ಮಾತ್ರ ಮುಟ್ಟಲಿಲ್ಲ. ಅದು ಸರಕಾರದ ದಾಖಲೆ.

ಸೊಕ್ಕಿನ ಅಂಕಕ್ಕೆ ಮಾತ್ರ ಸಾಕ್ಷಿ ಬೇಕಾಯಿತು. ಅಜ್ಜನ ಸೊಕ್ಕು ಎಷ್ಟು ಬರೆಯಲಿ ಎಂದು ಒಲೆಯ ಮುಂದಿದ್ದ ಅಜ್ಜಿಯನ್ನು ಕೇಳಿದೆ.

"ಎಷ್ಟಕ್ಕ ಎಷ್ಟ ಬರೀಬೇಕು?" ಎಂದಳು ಅಜ್ಜಿ.

"ನೂರಕ್ಕ."

"ನೂರಾ ಹತ್ತು ಬರೀ."

"ನೂರಕ್ಕ ಮುಗೀತೈತಿ ಅಜ್ಜೀ."

"ಹಂಗಾರ ಆ ಆಟಾ ಮಾಡಿದಾವ ನಿಮ್ಮ ಅಜ್ಜನ್ನ ನೋಡಿಲ್ಲ," ಎಂದು ಅಜ್ಜಿ ರೊಟ್ಟಿ ತಿರುವಿದಳು. ನಾನು ನೂರು ಎಂದು ಬರೆದೆ.

ಮೊದಲ ವಾರ ಎಲ್ಲ ಚೆನ್ನಾಗಿ ನಡೆಯಿತು. ದಿನಕ್ಕೊಂದು ಕಾರ್ಯಕ್ರಮ ಆಡಿಸುತ್ತಿದ್ದೆವು, ಅಂದರೆ ನಮ್ಮ ಒಂದು ಸಂಜೆಗೆ ಆಟದಲ್ಲಿ ಒಂದು ವಾರ. ನಾಲ್ಕು ಸಂಜೆಗೆ ಒಂದು ತಿಂಗಳು. ಅಜ್ಜ ಐದನೆಯ ಸಂಜೆಯೇ ಚಾಂಪಿಯನ್ ಬೆಲ್ಟು ಗೆದ್ದ. ಗೆಲ್ಲಿಸಿದ್ದು ನಾವೇ ಅನ್ನಿ, ಆದರೂ ಅಜ್ಜ ಆ ರಾತ್ರಿ ಊಟಕ್ಕೆ ಕೂತಾಗ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದ. "ಹುಟ್ಟಿದಾಗಿಂದ ನನ್ನ ಬೆನ್ನಿಗೆ ಯಾವನೂ ಮಣ್ಣು ಹಚ್ಚಿಲ್ಲ" ಎಂಬ ತನ್ನ ಮಾತನ್ನು ಒಂದೇ ಊಟದಲ್ಲಿ ಎರಡು ಸಲ ಹೇಳಿದ. ಹಾನಗಲ್ಲು, ಶಿಗ್ಗಾವಿ, ಸವಣೂರು, ಬಂಕಾಪುರ, ಎಲ್ಲಿಯ ಕಣದಲ್ಲೂ ಅಜ್ಜ ಬಿದ್ದಿರಲಿಲ್ಲವಂತೆ. ಅವನು ಹೇಳಿದ ಕುಸ್ತಿಗಳನ್ನೆಲ್ಲ ನಾನು ಕೂಡಿಸಿ ನೋಡಿದ್ದೆ. ಒಂದೇ ದಿನ ಹಾನಗಲ್ಲಿನಲ್ಲೂ ಸವಣೂರಿನಲ್ಲೂ ಆಡಿದ ಪ್ರಸಂಗಗಳು ಮೂರು ಬಂದವು. ಕೇಳಿದ್ದಕ್ಕೆ, ಆಗ ಬಸ್ಸು ಜೋರು ಓಡುತ್ತಿದ್ದವು ಎಂದ.

ತೊಂದರೆ ಶುರುವಾದದ್ದು ಮಂಜನಿಗೆ ಹೊಸಬರ ಹುಚ್ಚು ಹಿಡಿದಾಗ. ತಾನು, ತನ್ನ ಗೆಳೆಯರು, ಎಲ್ಲರೂ ತಾಲೀಮಿನಲ್ಲಿರಬೇಕು. ಜಾಗ ಮೂವತ್ತೇ. ಒಬ್ಬರು ಬರಬೇಕಾದರೆ ಒಬ್ಬರು ಹೋಗಬೇಕು. ಏಪ್ರಿಲ್ ಹತ್ತೊಂಬತ್ತಕ್ಕೆ ಅವನು ನನ್ನನ್ನು ಕೇಳದೆ ಗೌರವ್ವನನ್ನು ತೆಗೆದು ತನ್ನ ಗೆಳೆಯನನ್ನು ಹಾಕಿದ.

ಗೌರವ್ವನ ಭಜಿಯ ಗಾಡಿ ನಮ್ಮ ಮನೆಯಿಂದ ಹನ್ನೆರಡು ಹೆಜ್ಜೆ. ಅವಳ ಹಿಟ್ಟಿನಲ್ಲಿ ಏನೋ ಒಂದು ಇತ್ತು, ಓಮವೂ ಅಲ್ಲ ಜೀರಿಗೆಯೂ ಅಲ್ಲ. ಎಣ್ಣೆಗೆ ಬಿದ್ದ ಕೂಡಲೇ ಆ ವಾಸನೆಗೆ ದೊಡ್ಡಪ್ಪನ ನಿದ್ದೆಯೂ ಒಂದು ಕಣ್ಣು ತೆರೆಯುತ್ತಿತ್ತು. ದಿನಾ ಸಂಜೆ ಬಾಣಲೆಯಲ್ಲಿ ಉಳಿದ ಗರಿಗರಿ ಹಿಟ್ಟಿನ ಚೂರುಗಳನ್ನು ಕಾಗದದಲ್ಲಿ ಕಟ್ಟಿ ನಮಗೆ ಪುಕ್ಕಟೆ ಕೊಡುತ್ತಿದ್ದಳು. ಆವತ್ತು ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು, "ಈ ವಾರ ನಾ ಯಾರ ಕೂಡ ಆಡಿದ್ನಿ?"

ಮಂಜ ನನ್ನ ಹಿಂದೆ ಸರಿದ. ನಾನು ಸುಳ್ಳು ಬರೆಯುವವಳೂ ಅಲ್ಲ, ಹೇಳುವವಳೂ ಅಲ್ಲ. ತೆಗೆದಿದ್ದೇವೆ ಎಂದೆ.

"ತೆಗದ್ರಿ?" ಗೌರವ್ವ ಚೂರುಗಳನ್ನು ಮತ್ತೆ ತಟ್ಟೆಗೆ ಸುರುವಿದಳು. "ಹಂಗಾರ ಹೊಸಾ ಪೈಲ್ವಾನನ ಹತ್ರನ ಭಜಿ ಇಸ್ಕೊಂಡು ತಿನ್ರಿ."

ಎರಡು ದಿನ ಚೂರು ಸಿಗಲಿಲ್ಲ. ಮೂರನೆಯ ದಿನ ಗೌರವ್ವ ತಾಲೀಮಿಗೆ ಮರಳಿದಳು, ಹವಾ ಇಪ್ಪತ್ತು ಜಾಸ್ತಿ ಮಾಡಿಕೊಟ್ಟೆವು.

ಇದು ಓಣಿಗೆಲ್ಲ ಗೊತ್ತಾಯಿತು. ಅಲ್ಲಿಂದ ಮುಂದೆ ಯಾರನ್ನೂ ಮುಟ್ಟುವಂತಿರಲಿಲ್ಲ. ಹೊಳಿಬಸಪ್ಪ ಕಾಕಾ ದಿನಾ ಮುಂಜಾನೆ ಹಲ್ಲುಜ್ಜುತ್ತಾ ನಮ್ಮ ಕಟ್ಟೆಗೆ ಬಂದು ತನ್ನ ದಮ್ಮು ಎಷ್ಟಿದೆ ಎಂದು ವಿಚಾರಿಸುತ್ತಿದ್ದ. ನಲವತ್ತೊಂದು ಎಂದರೆ, ನಿನ್ನೆ ನಲವತ್ಮೂರು ಇತ್ತಲ್ಲ ಎಂದು ನನ್ನ ರಿಜಿಸ್ಟರು ಇಸಿದುಕೊಂಡು ನೋಡುತ್ತಿದ್ದ. ಇಮಾಮಸಾಬ ಕಾಕಾ ಮಾತ್ರ ಏನೂ ಕೇಳುತ್ತಿರಲಿಲ್ಲ. ಆದರೆ ಅವನ ಕುಸ್ತಿ ಇದ್ದ ಸಂಜೆ ಗಿರಣಿ ಅರ್ಧ ತಾಸು ಮೊದಲೇ ಬಂದ್ ಆಗುತ್ತಿತ್ತು.

ಮೇ ತಿಂಗಳು ಅರ್ಧವಾಗುವಷ್ಟರಲ್ಲಿ ರಿಜಿಸ್ಟರು ಕೆಟ್ಟ ಸುದ್ದಿ ಹೇಳತೊಡಗಿತು. ಮೂವತ್ತು ಜನರಲ್ಲಿ ಇಪ್ಪತ್ತಾರು ಜನರ ದಮ್ಮು ಇಳಿಯುತ್ತಿದೆ. ನೋಡುವ ಜನ ಆರು ವಾರದಿಂದ ಏರಿಲ್ಲ. ಹೊಸಬರಿಗೆ ಜಾಗವಿಲ್ಲ. ಇನ್ನು ವಾರಕ್ಕೊಬ್ಬರಂತೆ ಕಳಿಸೋಣ ಎಂದು ನಾನು ಅಂದೆ. ಮಂಜ, ಮೊದಲು ಯಾರನ್ನ ಎಂದ. ಇಬ್ಬರೂ ಓಣಿಯ ಉದ್ದಕ್ಕೂ ನೋಡಿದೆವು. ಆ ಮಾತು ಅಲ್ಲಿಗೇ ಮುಗಿಯಿತು.

ಮೇ ಇಪ್ಪತ್ತೈದು. ಆಟದಲ್ಲಿ ಹನ್ನೊಂದು ತಿಂಗಳು ಮುಗಿದು ಜೂನಿನ ಮೊದಲ ವಾರ. ಮಂಜ ಬಟನ್ನು ಒತ್ತಿದ. ತೆರೆಯ ಮೇಲೆ ಒಂದು ಪತ್ರ ಬಂತು: ಗೌರವ್ವ ನಿವೃತ್ತಿ ಹೇಳಿದ್ದಾಳೆ. ಅದನ್ನು ತೆಗೆದರೆ ಇನ್ನೊಂದು: ಹೊಳಿಬಸಪ್ಪ. ಆಮೇಲೆ ಇಮಾಮಸಾಬ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಮಂಜ ಒತ್ತುತ್ತಲೇ ಇದ್ದ, ಪತ್ರಗಳು ಬರುತ್ತಲೇ ಇದ್ದವು. ನಾನು ರಿಜಿಸ್ಟರಿನಲ್ಲಿ ಗೆರೆ ಹಾಕುತ್ತಾ ಹೋದೆ. ಹನ್ನೆರಡು ಆದ ಮೇಲೆ ಹದಿಮೂರನೆಯದು: ಫಕ್ಕೀರಪ್ಪ ಪೈಲ್ವಾನ, ವಯಸ್ಸು ನಲವತ್ತೊಂಬತ್ತು, ಹವಾ ತೊಂಬತ್ನಾಲ್ಕು, ಬೆಲ್ಟಿನ ಒಡೆಯ. ಎಲ್ಲರಿಗೂ ನಾಲ್ಕು ವಾರದ ಗಡುವು, ಅಷ್ಟರೊಳಗೆ ಅವರ ಜಾಗಕ್ಕೆ ಹೊಸಬರನ್ನು ಸೇರಿಸಿಕೊಳ್ಳಬಹುದು.

"ಏನ್ ಮಾಡಿಟ್ಟೀ ಲೇ ರೇಣೀ," ಎಂದ ಮಂಜ. ನಾನು ಹುಟ್ಟಿದ ತಾರೀಖಿನ ಪುಟ ತೆಗೆದೆ. ಹದಿಮೂರೂ ಜನ ಜೂನ್ ಒಂದರಂದು ಹುಟ್ಟಿದ್ದರು. ಬರೆಯುವಾಗ ಒಂದೊಂದೇ ಮನೆಗೆ ಹೋಗಿ ಬರೆದದ್ದು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಜ್ಜ ಕಟ್ಟೆಯ ಮೇಲೆ ಮೊಣಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದ. ಇಷ್ಟು ಜನ ಒಂದೇ ದಿನ ಹೇಗೆ ಹುಟ್ಟಿದಿರಿ ಎಂದು ಕೇಳಿದೆ. ಅವನು ಕೆಮ್ಮು ಬರುವಷ್ಟು ನಕ್ಕ. ಸಾಲಿಗೆ ಹೆಸರು ಹಚ್ಚುವಾಗ ಯಾರಿಗೂ ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ, ಆಗೆಲ್ಲ ಸಾಲಿ ಶುರುವಾಗುತ್ತಿದ್ದದ್ದು ಜೂನ್ ಒಂದಕ್ಕೆ, ಮಾಸ್ತರರು ಎಲ್ಲರ ಮುಂದೂ ಅದನ್ನೇ ಬರೆದುಬಿಟ್ಟರು. ತಾನು ಹುಟ್ಟಿದ್ದು ಜೋಳದ ಸುಗ್ಗಿಯಲ್ಲಂತೆ. ಇಮಾಮಸಾಬ ಮಳೆಗಾಲದಲ್ಲಂತೆ. "ಸರಕಾರದ ಲೆಕ್ಕದಾಗ ಮಾತ್ರ ನಾವೆಲ್ಲಾ ಅವಳಿಜವಳಿ" ಎಂದ.

ಆಮೇಲೆ ನಿವೃತ್ತಿಯ ಸುದ್ದಿ ಹೇಳಿದೆ. ಹದಿಮೂರು ಜನರ ಹವಾ ಕೂಡಿಸಿದರೆ ತಾಲೀಮಿನ ಮುಕ್ಕಾಲು ಪಾಲು. ಅವರ ಜೊತೆ ಅದೂ ಹೋಗುತ್ತದೆ. ಹೊಸಬರನ್ನು ಹಾಕಿದರೆ ಅವರ ಹವಾ ಶುರುವಾಗುವುದೇ ಮೂರರಿಂದ. ಇಪ್ಪತ್ತೊಂಬತ್ತಕ್ಕೆ ಸಾಲಿ ಶುರು. ಅಷ್ಟರಲ್ಲಿ ತಾಲೀಮು ಮುಚ್ಚುತ್ತದೆ.

ಅಜ್ಜ ಎಣ್ಣೆಯ ಕೈ ಒರೆಸಿಕೊಂಡ. ಇದು ಆಟದ ಮಾತು ಎಂದು ಅವನಿಗೆ ಗೊತ್ತಿತ್ತು. ಆದರೆ ತಾಲೀಮಿನ ಮಾತೂ ಹೌದಲ್ಲ.

"ಹೋಗಾಂವ ಸುಮ್ನ ಎದ್ದು ಹೋಗಬಾರ್ದು," ಎಂದ. "ಬರಾಂವಗ ಒಂದು ಕುಸ್ತಿ ಕೊಟ್ಟು, ಬಿದ್ದು ಹೋಗಬೇಕು. ಆಗ ಮಂದಿ ಕಣ್ಣು ಇವನ್ನ ಬಿಟ್ಟು ಅವನ ಮ್ಯಾಲ ಹೋಗತೈತಿ. ರಟ್ಟೀಹಳ್ಳಿ ತಾಲೀಮಿನಾಗ ಅದ ರಿವಾಜು."

ಮಂಜ ಆ ಹದಿಮೂರರ ಹೊರಗಿನ ಒಬ್ಬರ ಮೇಲೆ ಹಾಗೆ ಮಾಡಿ ನೋಡಿದ. ಖರೆ. ಹವಾ ಮೂರು ಇದ್ದ ಹುಡುಗ ಹವಾ ಅರವತ್ತರ ಹಿರಿಯನನ್ನು ಕೆಡವಿದ ಕೂಡಲೇ ನಲವತ್ತಕ್ಕೆ ಏರಿದ. ಈ ಆಟ ಮಾಡಿದವನು ನಮ್ಮ ಅಜ್ಜನನ್ನು ನೋಡಿರಲಿಲ್ಲ, ಆದರೆ ಯಾರೋ ಪೈಲ್ವಾನನನ್ನು ನೋಡಿದ್ದ.

ಉಳಿದ ಕೆಲಸ ನನ್ನದು. ಹಿಂದೆ ಗೌರವ್ವನ ವಿಷಯದಲ್ಲಿ ಪೆಟ್ಟು ತಿಂದಿದ್ದರಿಂದ, ಯಾರನ್ನೂ ಕೇಳದೆ ಕೆಡವಬಾರದು ಎಂದು ನಿಶ್ಚಯಿಸಿದೆ. ರಿಜಿಸ್ಟರಿನಲ್ಲಿ 'ಬೀಳಲು ಒಪ್ಪಿಗೆ' ಎಂದು ಹೊಸ ಮನೆ ಗೆರೆ ಹೊಡೆದು, ಮರುದಿನ ಬಿಸಿಲೇರುವ ಮೊದಲು ಹೊರಟೆ. ಗೌರವ್ವ ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಂಡಳು. ಯಾರಿಗೆ ಬೇಕಾದರೂ ಬೀಳುತ್ತೇನೆ, ಸೊಸೆಗೆ ಮಾತ್ರ ಬೀಳುವುದಿಲ್ಲ ಎಂದಳು. ಸೊಸೆ ಪಕ್ಕದಲ್ಲೇ ಹಿಟ್ಟು ಕಲಸುತ್ತಿದ್ದಳು, ಅವಳೂ ನಕ್ಕಳು. ಇಬ್ಬರು ಮಗನನ್ನು ಕೇಳಿ ಹೇಳುತ್ತೇವೆಂದರು. ಒಬ್ಬಾಕೆ, ಬೀಳುವಾಗ ಸೀರೆ ಸರಿಯಿರಬೇಕು ಎಂದು ಕರಾರು ಹಾಕಿದಳು. ಹೊಳಿಬಸಪ್ಪ ಕಾಕಾನದು ಎಲ್ಲರಿಗಿಂತ ತಕರಾರು.

"ಬೀಳೂದು ನನಗ ಆಗಂಗಿಲ್ಲ ನೋಡವಾ. ಮೂವತ್ತು ವರ್ಷ ಮಂದೀನ ಹತ್ತಿಸೇನಿ, ಇಳಿಸೇನಿ. ಬೇಕಾರ ನಾನ ಇಳದು ಹೋಗ್ತೇನಿ."

ಆಟದಲ್ಲಿ ಕಣ ಬಿಟ್ಟು ಕೆಳಗಿಳಿದು ಹತ್ತು ಎಣಿಸುವವರೆಗೆ ಬರದಿದ್ದರೂ ಸೋಲೇ. ಅದನ್ನೇ ಬರೆದುಕೊಂಡೆ. ಮಧ್ಯಾಹ್ನದೊಳಗೆ ಹನ್ನೆರಡಕ್ಕೆ ಹನ್ನೊಂದು ಒಪ್ಪಿಗೆ. ಹನ್ನೆರಡನೆಯವನು ಇಮಾಮಸಾಬ ಕಾಕಾ. ಅವನು ಗಿರಣಿಯ ಪಟ್ಟಿ ನಿಲ್ಲಿಸಿ, ಯಾವ ಹುಡುಗ ತನ್ನನ್ನು ಕೆಡವುತ್ತಾನೋ ಅವನೇ ಬಂದು ಕೇಳಬೇಕು ಎಂದ. ಕಳಿಸಿದೆ. ಹುಡುಗ ಕೇಳಿದ. ಕಾಕಾ ಅವನ ತೋಳು ಮುಟ್ಟಿ ನೋಡಿ ಆಗಲಿ ಅಂದ.

ಹದಿಮೂರನೆಯವನು ನಮ್ಮ ಮನೆಯಲ್ಲೇ ಇದ್ದ. ಅಲ್ಲಿ ಗಾಡಿ ನಿಂತಿತು.

ಅಜ್ಜನ ಬೆಲ್ಟು ತನಗೇ ಬರಬೇಕೆಂದು ಮಂಜ ಮೊದಲೇ ಗೊತ್ತು ಮಾಡಿಕೊಂಡಿದ್ದ. ತನ್ನನ್ನು ಹೊಸ ಪೈಲ್ವಾನನಾಗಿ ಹಾಕಿಕೊಂಡು, ಹಾಕಲು ಬಿಟ್ಟ ಅಂಕವನ್ನೆಲ್ಲ ನೂರು ನೂರು ತುಂಬಿದ್ದ. ಹವಾ ಮಾತ್ರ ಆಟವೇ ಮೂರು ಕೊಟ್ಟಿತ್ತು. ಇಪ್ಪತ್ತಾರರ ಸಂಜೆ ಅಜ್ಜನ ಮುಂದೆ ನಿಂತು, "ಅಜ್ಜಾ, ಇಪ್ಪತ್ತೆಂಟಕ್ಕ ನೀ ನನಗ ಸೋಲಬೇಕು" ಎಂದ.

ಅಜ್ಜ ಮಂಜನನ್ನು ಮೇಲಿಂದ ಕೆಳಗೆ ನೋಡಿ, ಮೊಣಕಾಲಿನ ಎಣ್ಣೆ ತಿಕ್ಕುವುದನ್ನು ಮುಂದುವರಿಸಿದ. ಮಂಜ ಇನ್ನೊಮ್ಮೆ ಹೇಳಿದ. ಅಜ್ಜ ಎದ್ದು ಒಳಗೆ ಹೋದ. ಮರುದಿನವೂ ಅಷ್ಟೇ. ಓಣಿಗೆಲ್ಲ ಬಿದ್ದು ಹೋಗಿ ಎಂದು ಹೇಳಿಕೊಟ್ಟವನು ತಾನು ಮಾತ್ರ ಬೀಳುವುದಿಲ್ಲ ಎನ್ನುತ್ತಾನೆ ಎಂದು ಮಂಜ ಅಜ್ಜಿಯ ಮುಂದೆ ಅತ್ತ. ನೂರಾ ಹತ್ತು ಬರೀ ಅಂದಿದ್ದೆ ಎಂದಳು ಅಜ್ಜಿ.

ನನಗೆ ಬೆಲ್ಟಿನ ಆಸೆ ಇರಲಿಲ್ಲ. ಆದರೆ ತೊಂಬತ್ನಾಲ್ಕು ಹವಾ ಯಾರಿಗೂ ಸೇರದೆ ಗಾಳಿಗೆ ಹೋಗುತ್ತದೆ ಎಂಬುದನ್ನು ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ. ಇಪ್ಪತ್ತೇಳರ ಸಂಜೆ ಗೋಧಿ ಬೀಸಿಸಲು ಗಿರಣಿಗೆ ಹೋದಾಗ ಇಮಾಮಸಾಬ ಕಾಕಾನಿಗೆ ಇದನ್ನು ಹೇಳಿದೆ. ಅವನ ಹುಬ್ಬಿನ ಮೇಲೆ, ಕಿವಿಯ ಮೇಲೆ ಹಿಟ್ಟು ಕೂತಿತ್ತು. ಗಿರಣಿ ನಿಲ್ಲಿಸಿದ. ಸದ್ದು ನಿಂತ ಮೇಲೆ ಅವನ ದನಿ ಬಹಳ ಸಣ್ಣದಾಗಿ ಕೇಳಿತು.

"ಮಂಜ ಕೇಳಿದ್ನೋ, ಹೇಳಿದ್ನೋ?"

ಹೇಳಿದ ಎಂದೆ.

"ಹೇಳೂದಲ್ಲ ರೇಣವ್ವಾ, ಕೇಳಬೇಕು. ಟೆಂಗಿನಕಾಯಿ, ಐದು ಎಲಿ ಹಿಡಕೊಂಡು ಹೋಗಿ, ನನಗ ಒಂದು ಕುಸ್ತಿ ಕೊಡ್ರಿ ಅನಬೇಕು. ಹೋಗಾಂವ ತಾನಾಗಿ ಕೊಡಂಗಿಲ್ಲ. ಬರಾಂವ ಕೇಳಬೇಕು."

ಹಾಗಾದರೆ ಅಜ್ಜ ರಟ್ಟೀಹಳ್ಳಿ ತಾಲೀಮು ಬಿಡುವಾಗ ಅವನನ್ನು ಯಾರು ಕೇಳಿದರು ಎಂದೆ. ಕಾಕಾ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿದ. ಹಿಟ್ಟು ಹೋಗಿ ಮುಖ ಬಂತು. ಆಗ ತಾಲೀಮಿನಲ್ಲಿ ಕಾಕಾನ ವಯಸ್ಸಿನ ಹನ್ನೊಂದು ಹುಡುಗರು ಇದ್ದರಂತೆ. ಅಜ್ಜನ ಮೊಣಕಾಲು ನೋಯಲು ಶುರುವಾಗಿತ್ತು, ಎಲ್ಲರಿಗೂ ಕಾಣುತ್ತಿತ್ತು. ಆದರೆ ಫಕ್ಕೀರಪ್ಪನನ್ನು ಕುಸ್ತಿ ಕೇಳುವಷ್ಟು ಧೈರ್ಯ ಒಬ್ಬನಿಗೂ ಇರಲಿಲ್ಲ. ಕೇಳಿದರೆ ಅವಮಾನ ಎಂದುಕೊಂಡರು. ಎರಡು ಬೇಸಿಗೆ ಅವನು ದಿನಾ ಮುಂಜಾನೆ ಬಂದು ಕಣದ ಮಣ್ಣು ಹದ ಮಾಡಿ, ಕೂತು, ಎದ್ದು ಹೋದ. ಮೂರನೆಯ ಬೇಸಿಗೆ ಬರಲೇ ಇಲ್ಲ.

"ನಾ ಒಂದಿನ ಕಾಯಿ ತಗೊಂಡು ತಾಲೀಮಿನ ಬಾಗಲಾತನಕ ಹೋಗಿದ್ನಿ," ಎಂದ ಕಾಕಾ. "ಒಳಗ ಅವ ಒಬ್ಬನ ಕುಂತಿದ್ದ. ತಿರುಗಿ ಬಂದ್ನಿ. ಕಾಯಿ ಮನ್ಯಾಗ ಚಟ್ನಿ ಮಾಡಿದ್ರು." ಗಿರಣಿ ಮತ್ತೆ ಚಾಲೂ ಮಾಡುವ ಮೊದಲು ನನ್ನ ಕಡೆ ನೋಡದೆ ಹೇಳಿದ, "ನೀನರ ಕೇಳ ಹೋಗು."

ಬೆನ್ನಿಗೆ ಮಣ್ಣು ಹತ್ತಿಲ್ಲ ಎಂದು ಅಜ್ಜ ಹೇಳುವಾಗಲೆಲ್ಲ ನಾನು ಅದನ್ನು ಗೆಲುವಿನ ಮನೆಯಲ್ಲಿ ಬರೆಯುತ್ತಿದ್ದೆ. ಆವತ್ತು ಹಿಟ್ಟಿನ ಡಬ್ಬಿ ತಲೆಯ ಮೇಲೆ ಹೊತ್ತು ಬರುವಾಗ, ಅದು ಯಾವ ಮನೆಗೆ ಸೇರಬೇಕೆಂದು ತಿಳಿಯಲಿಲ್ಲ.

ಇಪ್ಪತ್ತೆಂಟನೆಯ ತಾರೀಖು ಮುಂಜಾನೆ ದೇವರ ಮುಂದಿನ ಟೆಂಗಿನಕಾಯಿ, ಅಜ್ಜಿಯ ಎಲೆಯಡಿಕೆಯ ಚಂಚಿಯಿಂದ ಐದು ಸವಣೂರು ಎಲೆ ತೆಗೆದುಕೊಂಡೆ. ತಲೆ ಬಾಚಿಕೊಂಡೆ. ಅಜ್ಜ ಕಟ್ಟೆಯ ಮೇಲಿದ್ದ. ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದರಿಂದ ಮೂರನೆಯ ಸಲ ಬಾಯಿಂದ ಸರಿಯಾಗಿ ಬಂತು.

"ಅಜ್ಜಾ, ನನಗ ಒಂದು ಕುಸ್ತಿ ಕೊಡ್ರಿ."

ಅಜ್ಜನಿಗೆ ನಾನು ಅಲ್ಲಿಯವರೆಗೆ ಬಹುವಚನ ಹಚ್ಚಿದವಳೇ ಅಲ್ಲ. ಅವನು ಕಾಯಿ ನೋಡಿದ, ಎಲೆ ನೋಡಿದ, ಗಿರಣಿಯ ಕಡೆ ನೋಡಿದ. ಗಿರಣಿಯ ಬಾಗಿಲಲ್ಲಿ ಇಮಾಮಸಾಬ ಕಾಕಾ ನಿಂತಿದ್ದ, ಏನೂ ಕೆಲಸವಿಲ್ಲದವನ ಹಾಗೆ. ಅಜ್ಜ ಮೊಣಕಾಲು ಸವರಿಕೊಳ್ಳುತ್ತಾ ಕೂತ. ಎಷ್ಟು ಹೊತ್ತು ಎಂದು ನಾನು ಎಣಿಸಲಿಲ್ಲ. ಆ ಬೇಸಿಗೆಯಲ್ಲಿ ನಾನು ಎಣಿಸದೆ ಬಿಟ್ಟದ್ದು ಅದೊಂದೇ.

"ತೂಕ ಎಷ್ಟ ಅದೀ?" ಎಂದ ಅಜ್ಜ.

"ಮೂವತ್ತೊಂದು ಕಿಲೋ."

"ಕಡಿಮಿ ಆತು. ಒಳಗ ಹೋಗಿ ಎರಡು ರೊಟ್ಟಿ ತಿಂದು ಬಾ. ಸಂಜೀಕ ನೋಡೂಣು." ಕಾಯಿ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ.

ಮಂಜ ಮುಖ ಊದಿಸಿಕೊಂಡ. ಆದರೂ ನನ್ನನ್ನು ಆಟಕ್ಕೆ ಹಾಕಿದ. ಅಂಕ ತುಂಬುವಾಗ ತನ್ನ ಸಿಟ್ಟನ್ನೆಲ್ಲ ತೀರಿಸಿಕೊಂಡ: ತಾಕತ್ತು ಹನ್ನೊಂದು, ದಮ್ಮು ಹದಿನೈದು. ಡಾವಿಗೆ ಮಾತ್ರ ನಲವತ್ತು ಹಾಕಿದ, ಲೆಕ್ಕ ಬರುತ್ತದಲ್ಲ ಎಂದು. ಹವಾ ಎಲ್ಲರಂತೆ ಮೂರು.

ಸಂಜೆ ಐದಕ್ಕೆ ನಮ್ಮ ಕಟ್ಟೆಯ ಸುತ್ತ ಇಪ್ಪತ್ಮೂರು ಜನ. ಗೌರವ್ವ ಗಾಡಿಯನ್ನೇ ತಳ್ಳಿಕೊಂಡು ಬಂದಿದ್ದಳು. ದೊಡ್ಡಪ್ಪನಿಗೆ ನಿದ್ದೆ ಮಾಡಲು ಜಾಗ ಸಿಗದೆ ಅವನೂ ನೋಡಲು ನಿಂತ. ಮೊದಲ ನಾಲ್ಕು ಕುಸ್ತಿ ಸರಾಗ ಮುಗಿದವು. ಹೊಳಿಬಸಪ್ಪ ಕಾಕಾನ ಗೊಂಬೆ ಕಣದಿಂದಿಳಿದು ಹಿಂದೆ ನೋಡದೆ ನಡೆದುಹೋದಾಗ, ಕಾಕಾ ಬಾಯಿಂದ ಎರಡು ಸೀಟಿ ಊದಿದ. ಕೊನೆಯದು ಬೆಲ್ಟಿನ ಕುಸ್ತಿ. ಮಂಜ ಗೆಲ್ಲುವವರ ಜಾಗದಲ್ಲಿ ನನ್ನ ಹೆಸರು ಇಟ್ಟು ಒತ್ತಿದ.

ತೆರೆಯ ಮೇಲೆ ಕೆಂಪು ಪತ್ರ ಬಂತು. ಮಂಜ ಓದಿ ಹೇಳಿದ: ಫಕ್ಕೀರಪ್ಪ ಪೈಲ್ವಾನ ಸೋಲಲು ಒಪ್ಪುತ್ತಿಲ್ಲ.

ಸೊಕ್ಕು ನೂರು ಇದ್ದವರು ಹೀಗೆ ಮಾಡುತ್ತಾರೆ ಎಂದು ನಮಗೆ ಗೊತ್ತಿರಲಿಲ್ಲ. ಅದಕ್ಕಿಂತ ಕಡಿಮೆ ಸೊಕ್ಕಿನವರನ್ನೇ ಅಲ್ಲಿಯವರೆಗೆ ಸೋಲಿಸಿದ್ದೆವು. ಎಲ್ಲರೂ ಅಜ್ಜನ ಕಡೆ ತಿರುಗಿದರು. ಅವನು, ನಾನಲ್ಲಪ್ಪಾ ಎಂಬಂತೆ ಎರಡೂ ಕೈ ಎತ್ತಿದ. ಅಜ್ಜಿ ಒಳಗಿನಿಂದಲೇ ನಕ್ಕದ್ದು ಕೇಳಿಸಿತು.

ಆಟ ಎರಡು ದಾರಿ ಕೊಟ್ಟಿತ್ತು: ದಬಾಯಿಸುವುದು, ಇಲ್ಲವೇ ಮತ್ತೆ ಕೇಳುವುದು. ಒಟ್ಟು ಮೂರು ಅವಕಾಶ. ಮಂಜ ನಮ್ಮನ್ನು ಕೇಳದೆ ದಬಾಯಿಸಿದ. ಇನ್ನೊಂದು ಕೆಂಪು ಪತ್ರ. "ದಬಾಯಿಸಿದ್ರ ನಮ್ಮಪ್ಪನ ಮಾತೂ ನಾ ಕೇಳಿಲ್ಲ," ಎಂದ ಅಜ್ಜ, ತುಸು ಹೆಮ್ಮೆಯಿಂದಲೇ. ಎರಡನೆಯ ಸಲ ಕೇಳಿದೆವು. ಅದಕ್ಕೂ ಕೆಂಪು. ಉಳಿದದ್ದು ಒಂದು. ಅದೂ ಹೋದರೆ ಅವನು ಬೆಲ್ಟು ಹೊತ್ತುಕೊಂಡೇ ಹೋಗುತ್ತಾನೆ, ತೊಂಬತ್ನಾಲ್ಕೂ ಹೋಗುತ್ತದೆ.

ಅಜ್ಜ ಕೈ ಚಾಚಿದ. ಮಂಜ ಫೋನು ಕೊಟ್ಟ. ಅಜ್ಜ ಅದನ್ನು ಕ್ಷೌರದ ಕನ್ನಡಿ ಹಿಡಿಯುವ ಹಾಗೆ ಮುಖದ ನೇರಕ್ಕೆ ಹಿಡಿದ. ಅದರೊಳಗೆ ಒಂದು ಗೊಂಬೆ, ಮಂಜ ಹಚ್ಚಿದ ದೊಡ್ಡ ಮೀಸೆಯದು, ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು.

"ಏ ಫಕ್ಕೀರ್ಯಾ," ಎಂದ ಅಜ್ಜ. ಜೋರಾಗಿ ಅಲ್ಲ, ಪಕ್ಕದಲ್ಲಿ ಕೂತವನ ಜೊತೆ ಮಾತಾಡುವ ಹಾಗೆ. "ಹುಡುಗಿ ಕಾಯಿ ತಂದು ಕೇಳ್ಯಾಳ. ಇನ್ನೇನ್ ಬೇಕಲೇ ನಿನಗ? ಬೀಳು."

ಎಣ್ಣೆಯ ಬೆರಳಿನಿಂದ ಒತ್ತಿದ. ಹಸಿರು ಪತ್ರ ಬಂತು.

ಕುಸ್ತಿ ಹನ್ನೊಂದು ನಿಮಿಷ ನಡೆಯಿತು. ಹತ್ತು ನಿಮಿಷ ಅಜ್ಜ ನನ್ನನ್ನು ಎತ್ತಿ ಎತ್ತಿ ಒಗೆದ. ಪ್ರತಿ ಸಲ ಗೌರವ್ವ ನನ್ನ ಭುಜ ಹಿಡಿದುಕೊಳ್ಳುತ್ತಿದ್ದಳು, ನನಗೇ ಪೆಟ್ಟಾದವರ ಹಾಗೆ. ಹನ್ನೊಂದನೆಯ ನಿಮಿಷದಲ್ಲಿ ಅಜ್ಜನ ಕಾಲು ಜಾರಿತು. ನನ್ನ ಗೊಂಬೆ ಅವನ ಮೇಲೆ ಬಿತ್ತು. ಒಂದು, ಎರಡು, ಮೂರು. ಮೊದಲು ಚಪ್ಪಾಳೆ ತಟ್ಟಿದವನು ಇಮಾಮಸಾಬ ಕಾಕಾ, ಅವನ ಕೈಯಿಂದ ಹಿಟ್ಟು ಹಾರಿತು. ಅಜ್ಜ ತಲೆಯ ರುಮಾಲು ಬಿಚ್ಚಿ ನನ್ನ ತಲೆಗೆ ಸುತ್ತಿದ. ಹರಳೆಣ್ಣೆ, ಬೆವರು, ಎಲೆಯಡಿಕೆ ಬೆರೆತ ವಾಸನೆ. ರುಮಾಲು ಕಣ್ಣಿನವರೆಗೆ ಇಳಿದು, ರಿಜಿಸ್ಟರು ಕಾಣದೆ, ನನ್ನ ಹವಾ ಎಪ್ಪತ್ತೊಂದಕ್ಕೆ ಏರಿದ್ದನ್ನು ಮಂಜನೇ ಬರೆಯಬೇಕಾಯಿತು. ಅವನ ಅಕ್ಷರದಲ್ಲಿ ಆ ರಿಜಿಸ್ಟರಿನಲ್ಲಿ ಇರುವುದು ಅದೊಂದೇ ಸಾಲು. ಕಾಯಿಯನ್ನು ಅಜ್ಜ ಒಡೆದು ಎರಡು ಹೋಳು ಮಾಡಿ, ಒಂದನ್ನು ಇಮಾಮಸಾಬ ಕಾಕಾನಿಗೆ ಕೊಟ್ಟ. "ಚಟ್ನಿ ಮಾಡ್ಸು," ಎಂದ. ಅಂದರೆ ಆ ಕಾಯಿಯ ಸಂಗತಿ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಮರುದಿನ ಸಾಲಿ ಶುರುವಾಯಿತು. ಮಳೆಗಾಲದಲ್ಲಿ ದೊಡ್ಡಪ್ಪನ ಫೋನು ನೀರಿಗೆ ಬಿದ್ದು, ತಾಲೀಮು ಅದರೊಳಗೇ ಮುಳುಗಿತು. ರಿಜಿಸ್ಟರು ಮಾತ್ರ ನನ್ನ ಹತ್ತಿರ ಉಳಿದಿದೆ.

ಈಗ ನನಗೆ ಇಪ್ಪತ್ತು. ನಮ್ಮ ಓಣಿಯಲ್ಲಿ ಫೋನುಗಳ ಲೆಕ್ಕ ಹಿಡಿಯುವುದನ್ನು ಬಿಟ್ಟಿದ್ದೇನೆ. ಜೂನ್ ಒಂದರ ಹದಿಮೂರು ಜನರಲ್ಲಿ ಈಗ ಇರುವವರು ಏಳು. ಗೌರವ್ವ ಗಾಡಿ ನಿಲ್ಲಿಸಿ ಮೂರು ವರ್ಷವಾಯಿತು, ಕಳೆದ ವರ್ಷ ತೀರಿಕೊಂಡಳು. ಆ ಹಿಟ್ಟಿನಲ್ಲಿ ಏನಿತ್ತೆಂದು ಅವಳ ಸೊಸೆಗೂ ಗೊತ್ತಿಲ್ಲ. ಅತ್ತೆ ಹೇಳಲಿಲ್ಲವೇ ಎಂದೆ. ನಾ ಕೇಳಲಿಲ್ಲ, ಕೇಳಿದರೆ ಏನಂದುಕೊಂಡಾರು ಅನಿಸಿತು, ಎಂದಳು. ಇಮಾಮಸಾಬ ಕಾಕಾನ ಗಿರಣಿಯ ಜಾಗದಲ್ಲಿ ಈಗ ಪಾರ್ಸಲ್ ಇಡುವ ಕೋಣೆ ಇದೆ. ಕಲ್ಲಿನ ಸದ್ದು ಕೇಳಿಯೇ ಹಿಟ್ಟು ಎಷ್ಟು ಸಣ್ಣಗಾಗಿದೆ ಎಂದು ಹೇಳುತ್ತಿದ್ದ ಅವನ ಕಿವಿ ಈಗ ಮಂದವಾಗಿದೆ. ಆ ವಿದ್ಯೆಯನ್ನೂ ಯಾರೂ ಕೇಳಿ ಇಟ್ಟುಕೊಳ್ಳಲಿಲ್ಲ. ಎಲ್ಲರೂ ತಮ್ಮ ಹವಾ ತಮ್ಮ ಜೊತೆಗೇ ಒಯ್ದರು. ಬರೆದಿಡುವ ಚಟದ ನಾನೇ ಹನ್ನೆರಡು ಹೆಜ್ಜೆ ದೂರದಲ್ಲಿದ್ದೆ.

ಅಜ್ಜ ಹೋಗಿ ಎರಡು ವರ್ಷ. ಆ ಬೇಸಿಗೆಯ ನಂತರ ಅವನು ತನ್ನ ಮಾತನ್ನು ಸ್ವಲ್ಪ ತಿದ್ದಿಕೊಂಡಿದ್ದ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಬೀಗರ ಮನೆಯಲ್ಲಿ, ಯಾರು ಸಿಕ್ಕರೂ ಬೆನ್ನು ನೆಟ್ಟಗೆ ಮಾಡಿ ಹೇಳುತ್ತಿದ್ದ: "ನನ್ನ ಬೆನ್ನಿಗೆ ಯಾವನೂ ಮಣ್ಣು ಹಚ್ಚಿಲ್ಲ. ಒಬ್ಬಾಕಿ ಬಿಟ್ಟು." ಆಮೇಲೆ ನನ್ನ ಕಡೆ ಬೆರಳು ತೋರಿಸುತ್ತಿದ್ದ. ಕೇಳಿದವರು ನನ್ನ ತೋಳು ನೋಡಿ ಗಾಬರಿಯಾಗುತ್ತಿದ್ದರು.

ನಾನು ಎದುರಿಗಿದ್ದಾಗ ಅವನು ಹೀಗೆ ಹೇಳಿದ್ದನ್ನೆಲ್ಲ ರಿಜಿಸ್ಟರಿನ ಕೊನೆಯ ಪುಟದಲ್ಲಿ ಗೆರೆ ಹಾಕಿ ಇಟ್ಟಿದ್ದೇನೆ. ಐದೈದರ ಕಟ್ಟು ಒಂಬತ್ತು, ಮೇಲೆ ಒಂದು. ನಲವತ್ತಾರು. ಪುಟದಲ್ಲಿ ಇನ್ನೂ ಬಹಳ ಜಾಗವಿದೆ.